ಅಮೀನಗಡ ದಾಟಿದ ಮೇಲೆ

ತಾಡಪತ್ರಿ ಎಳೆದಾಗ ಎದ್ದ ಧೂಳು ಗಂಟಲಿಗೆ ಇಳಿದು ಕಾಶಪ್ಪ ಕೆಮ್ಮಿದ. ಕೆಮ್ಮಿದ್ದು ತಾನೇ ಎಂದು ಗೊತ್ತಿದ್ದರೂ ಗಾಡಿಯ ಒಳಗಿನಿಂದ ಯಾರೋ ಕೆಮ್ಮಿದಂತೆ ಕೇಳಿತು. ಹಿಂದಿನ ಸೀಟಿನ ಕಡೆ ನೋಡದೆ, ಗೋಡೆಗೆ ಮೈ ಉಜ್ಜಿಕೊಂಡು, ನೇರ ಬಾನೆಟ್ಟಿನ ಮುಂದೆ ಹೋಗಿ ನಿಂತ. ಒಂದು ವರ್ಷದಿಂದ ಇಳಕಲ್ಲಿನ ಈ ಮನೆಯ ಹಿತ್ತಲಿನಲ್ಲಿ, ಬೇವಿನ ಗಿಡದ ಕೆಳಗೆ, ಅಣ್ಣನ ಅಂಬಾಸಿಡರ್ ಗಾಡಿ ಹೀಗೇ ಮುಸುಕು ಹಾಕಿಕೊಂಡು ಕೂತಿತ್ತು. ಹೋಗುವವರು ಬರುವವರು ಅದನ್ನು ಸುತ್ತಿ ಹೋಗುತ್ತಿದ್ದರು. ಬೇವಿನ ಹಣ್ಣು ಉದುರಿ ತಾಡಪತ್ರಿಯ ಮೇಲೆ ಕೊಳೆತು, ಒಣಗಿ, ಮತ್ತೆ ಉದುರಿದ್ದವು. ಯಾರೂ ಗುಡಿಸಿರಲಿಲ್ಲ. ಮನೆಯಲ್ಲಿ ಆ ಗಾಡಿಯ ಹೆಸರನ್ನು ಎತ್ತುವವರೇ ಇರಲಿಲ್ಲ. ನಿನ್ನೆ ರೊಟ್ಟಿ ಬಡಿಸುತ್ತ ವೈನಿ, ತೀರಿಹೋದ ಅಣ್ಣನ ಹೆಂಡತಿ ಗುರುಲಿಂಗವ್ವ, ಒಮ್ಮೆಲೇ ಅಂದಿದ್ದಳು: "ವರ್ಷದ ದಿನ ಸಂಗಮಕ್ಕ ಹೋಗಿ ಬರೂಣು. ಆ ಗಾಡ್ಯಾಗ ಹೋಗೂಣು." ಅವನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಬಸ್ಸ ಐತೆಲ್ಲ ವೈನಿ. ಆ ಗಾಡಿ ಇಂಜಿನ್ನ ಕಾಯ್ತೈತಿ." ವೈನಿ ತಾಟಿಗೆ ಪಲ್ಯ ಹಾಕಿದಳು. ಮುಖ ಎತ್ತಲಿಲ್ಲ. "ಕಾಯ್ತೈತಿ ಅನ್ನೂದು ನನಗೂ ಗೊತ್ತೈತಿ. ಯಾಕ ಕಾಯ್ತೈತಿ ನೋಡು."

ಯಾಕ. ಈ ಒಂದು ಮಾತನ್ನು ಅವಳು ವರ್ಷವಿಡೀ ಬಾಯಲ್ಲಿಟ್ಟುಕೊಂಡು ಓಡಾಡಿದ್ದಳೆಂದು ಕಾಶಪ್ಪನಿಗೆ ಗೊತ್ತಿತ್ತು. ಚಹದ ಕಪ್ಪು ಕೊಡುವಾಗ, ಅಂಗಡಿಯ ಬೀಗದ ಕೈ ಕೊಡುವಾಗ, ಅವನು ಜಡ್ಡಾಗಿ ಮಲಗಿದ್ದಾಗ ಹಣೆಯ ಮೇಲೆ ತಣ್ಣೀರಿನ ಬಟ್ಟೆ ಹಾಕುವಾಗ ಕೂಡ, ಆ ಮಾತು ಅವಳ ತುಟಿಯ ಹಿಂದೆ ಇತ್ತು. ಅವಳು ಕೇಳಿದ್ದರೆ, ಬೈದಿದ್ದರೆ, ಅವನಿಗೆ ಸುಲಭವಾಗುತ್ತಿತ್ತು. ಊರು ಬೈದಿತ್ತು. ಕಾಯುವ ಗಾಡಿ ಅಂತ ಗೊತ್ತಿದ್ದೂ ಒತ್ತಿ ಹೊಡೆದ, ನಿಲ್ಲಿಸಿ ನಿಲ್ಲಿಸಿ ಹೋಗಿದ್ದರೆ ಅಣ್ಣನನ್ನು ಜೀವಂತ ಬಾಗಲಕೋಟೆ ಮುಟ್ಟಿಸುತ್ತಿದ್ದ ಎಂದು ಸೀರೆಯ ಅಂಗಡಿಗೆ ಬಂದವರು ಸೆರಗಿನ ಬಣ್ಣ ನೋಡುತ್ತ ನೋಡುತ್ತ ಮಾತಾಡಿಕೊಂಡಿದ್ದರು. ಅವನು ಗಾದಿಯ ಮೇಲೆ, ಅಣ್ಣ ಕೂಡುತ್ತಿದ್ದ ಲೋಡಿಗೆ ಒರಗದೆ ಅದರ ಪಕ್ಕದಲ್ಲಿ ಕೂತು, ಸೀರೆಯ ಮಡಿಕೆ ಬಿಚ್ಚಿ ತೋರಿಸುತ್ತಿದ್ದ. ಒಬ್ಬ ಮುದುಕಿಯಂತೂ ಸೀರೆ ಕೊಂಡು ಹೊರಡುವಾಗ, "ನಿಮ್ಮಣ್ಣ ಇದ್ದಿದ್ರ ಕುಬಸದ ಖಣ ಪುಕ್ಕಟ ಕೊಡ್ತಿದ್ದ" ಅಂದಳು. ಅವನು ಖಣ ಕೊಟ್ಟ. ಅವಳು ತೆಗೆದುಕೊಳ್ಳಲಿಲ್ಲ.

ಹುನಗುಂದದ ದಾರಿಯಲ್ಲಿ ಗ್ಯಾರೇಜು ಇಟ್ಟಿದ್ದ ಮುರ್ತುಜಸಾಬನನ್ನು ಕರೆಸಬಹುದಿತ್ತು. ಆ ದಿನ ಲಾರಿಗೆ ಹಗ್ಗ ಕಟ್ಟಿ ಗಾಡಿಯನ್ನು ಎಳೆದು ತಂದವನು ಅವನೇ. "ನೀವು ಹೇಳಿದಾಗ ಬಂದು ಬಿಚ್ಚಿ ನೋಡ್ತೇನ್ರಿ" ಎಂದು ಹೇಳಿ ಹೋದವನಿಗೆ ಕಾಶಪ್ಪ ಹೇಳಿ ಕಳಿಸಲೇ ಇಲ್ಲ. ಮುರ್ತುಜಸಾಬ ದೊಡ್ಡ ದನಿಯ ಮನುಷ್ಯ. ಬಾನೆಟ್ಟಿನೊಳಗೆ ತಲೆ ಹಾಕಿ ಕಾರಣ ಕಂಡುಹಿಡಿದು, ಇದೊಂದು ನಟ್ಟು ಬಿಗಿದಿದ್ದರೆ ಸಾಕಾಗಿತ್ತು ಎಂದು ಓಣಿಗೆಲ್ಲ ಕೇಳುವಂತೆ ಕೂಗಿಬಿಟ್ಟರೆ? ಕಾರಣ ಗೊತ್ತಿಲ್ಲದಿರುವಾಗ ಅದು ದೇವರ ಆಟ. ಗೊತ್ತಾದ ಕೂಡಲೇ ಅದಕ್ಕೊಂದು ಹೆಸರು, ಒಂದು ಕೈ, ಒಂದು ತಪ್ಪು. ಅದಕ್ಕೇ ಇವತ್ತು, ವೈನಿ ನಾಳಿನ ಪೂಜೆಗೆ ಹೇಳಿ ಬರಲು ಮಠಕ್ಕೆ ಹೋದ ಮೇಲೆ, ಅಂಗಡಿ ಮುಚ್ಚಿ ಬಂದು ತಾನೊಬ್ಬನೇ ನಟ್ಟು ಬಿಚ್ಚುವ ಪಾನಾಗಳ ಚೀಲ ತೆರೆದಿದ್ದ. ಮನೆಯಲ್ಲಿ ಪಡಸಾಲೆಯ ಹೊರಸಿನ ಮೇಲೆ ಅವ್ವ ಮಾತ್ರ ಇದ್ದಳು. ಬಸಲಿಂಗವ್ವನಿಗೆ ಕಿವಿ ಮಂದವಾಗಿ ಎಷ್ಟೋ ವರ್ಷವಾಗಿತ್ತು.

ಹೊಸ ಬ್ಯಾಟರಿ ಕೂಡಿಸಿ, ರೇಡಿಯೇಟರಿಗೆ ನೀರು ತುಂಬಿ, ಚಾವಿ ತಿರುಗಿಸಿದ. ಇಂಜಿನ್ನು ನಾಲ್ಕಾರು ಸಲ ನರಳಿ, ಹೊಗೆ ಉಗುಳಿ, ಎದ್ದಿತು. ಆ ಸದ್ದಿಗೆ ಬೇವಿನ ಗಿಡದ ಕಾಗೆಗಳು ಹಾರಿದವು. ಪಡಸಾಲೆಯಿಂದ ಅವ್ವ ಅಣ್ಣನ ಹೆಸರು ಹಿಡಿದು ಕೂಗಿದಳು: "ರಾಚಪ್ಪಾ... ಬಂದೇನೋ ಯಪ್ಪಾ?" ಏನೂ ಕೇಳದ ಆ ಕಿವಿಗೆ ಈ ಸದ್ದೊಂದು ಕೇಳಿತ್ತು. ಕಾಶಪ್ಪ ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತ. ಇಂಜಿನ್ನಿನ ನಡುಕ ಸೀಟಿನಿಂದ ಅವನ ಬೆನ್ನಿಗೆ, ಬೆನ್ನಿನಿಂದ ಹಲ್ಲಿಗೆ ಹತ್ತಿತು. ಹಿಂದಿನ ಸೀಟಿನ ಸ್ಪ್ರಿಂಗು ಎಲ್ಲೋ ಕಿರ್ರೆಂದಿತು. ಸ್ಪ್ರಿಂಗು ಅಷ್ಟೇ. "ನಡಿ ನಡಿ, ನಿಲ್ಲಿಸಬ್ಯಾಡ" ಎಂದು ಆ ದಿನ ಅಣ್ಣ ಹುನಗುಂದದ ಪೇಟೆಯಲ್ಲಿ ಹಿಂದಿನ ಸೀಟಿನಿಂದ ಅಂದಿದ್ದ. ಎದೆಯ ಮೇಲೆ ಅಂಗೈ ಒತ್ತಿಕೊಂಡಿದ್ದ, ಅಂಗಿಯ ಬೆನ್ನು ಬೆವರಿನಿಂದ ತೊಯ್ದಿತ್ತು. ಬೆಳಿಗ್ಗೆ ಊರಿನ ಡಾಕ್ಟರು ಒಂದು ಇಂಜೆಕ್ಷನ್ನು ಕೊಟ್ಟು, ನನ್ನ ಕೈಯಲ್ಲಿ ಇಲ್ಲ, ಬಾಗಲಕೋಟೆಗೆ ಒಯ್ಯಿರಿ, ತಡ ಮಾಡಬೇಡಿರಿ ಅಂದಿದ್ದರು. ಅಮೀನಗಡ ಬರುವ ಮೊದಲೇ ಶಾಖದ ಮುಳ್ಳು ಕೆಂಪಿನ ಅಂಚು ಮುಟ್ಟಿದ್ದನ್ನು ಕಾಶಪ್ಪ ನೋಡಿದ್ದ. ನೋಡಿ, ಕಣ್ಣು ರಸ್ತೆಗೆ ತಿರುಗಿಸಿದ್ದ. ಅಮೀನಗಡದಲ್ಲಿ ನಿಲ್ಲಿಸಿದ್ದರೆ ಹೋಟೆಲು ಇತ್ತು, ನೀರಿತ್ತು, ಬೇರೆ ಗಾಡಿ ಸಿಗುತ್ತಿತ್ತೇನೋ. ಅಣ್ಣ ನಡಿ ಅಂದ. ಅವನು ನಡೆದ. ಬಾಲ್ಯದಿಂದಲೂ ಅಣ್ಣ ಹೇಳಿದ್ದಕ್ಕೆ ಅಲ್ಲ ಅಂದದ್ದೇ ಇಲ್ಲ. ಅಮೀನಗಡ ದಾಟಿದ ಮೇಲೆ, ಎರಡೂ ಕಡೆ ಬರೀ ಕರಿ ಹೊಲ ಇರುವಲ್ಲಿ, ಬಾನೆಟ್ಟಿನ ಸಂದಿಯಿಂದ ಬಿಳಿ ಉಗಿ ಏಳತೊಡಗಿ ಮುಂದಿನ ಗಾಜು ಮುಚ್ಚಿತು.

ಮುಳ್ಳು ಈಗಲೂ ಏರುತ್ತಿತ್ತು. ಅವನು ಇಳಿದು ಬಂದು ನೋಡಿದ. ಫ್ಯಾನಿನ ಬೆಲ್ಟು ಬಿಗಿಯಾಗಿತ್ತು. ಪೈಪುಗಳು ಎಲ್ಲೂ ಸೋರುತ್ತಿರಲಿಲ್ಲ. ನೀರಿನ ಪಂಪು ಸದ್ದು ಮಾಡುತ್ತಿರಲಿಲ್ಲ. ಒಂದೊಂದನ್ನೇ ಮುಟ್ಟಿ, ಇದಲ್ಲ ಇದಲ್ಲ ಎಂದುಕೊಳ್ಳುವಾಗ ಅವನಿಗೆ ಒಳಗೊಳಗೆ ಅಂಜಿಕೆ ಹೆಚ್ಚುತ್ತಿತ್ತು. ಪ್ರತಿ ನಿರ್ದೋಷಿ ಭಾಗವೂ ದೋಷವನ್ನು ತನ್ನ ಹತ್ತಿರಕ್ಕೆ ತಳ್ಳುತ್ತಿದೆ ಅನ್ನಿಸಿತು. ಇಂಜಿನ್ನು ಆರಿಸಿ, ಅದು ತಣಿಯುವವರೆಗೆ ಬಾವಿಯ ಕಟ್ಟೆಯ ಮೇಲೆ ಕೂತ. ಉಳಿದದ್ದು ಥರ್ಮೋಸ್ಟಾಟು. ಇಂಜಿನ್ನಿನ ನೀರು ಕಾದಾಗ ತಾನೇ ಬಾಯಿ ತೆರೆದು ಅದನ್ನು ರೇಡಿಯೇಟರಿಗೆ ಬಿಡುವ, ಹಿತ್ತಾಳೆಯ ಒಂದು ಬಿಲ್ಲೆ. ಅದು ಬಾಯಿ ಕಚ್ಚಿಕೊಂಡರೆ ಗಾಡಿ ಕುದಿಯುತ್ತದೆ. ಕಿತ್ತು ಎಸೆದರೆ ಸಾಕು, ಗಾಡಿ ಮತ್ತೆ ಓಡುತ್ತದೆ. ಒಂದು ಪಾನಾ ಇದ್ದರೆ ರಸ್ತೆಯ ಮೇಲೇ ಮಾಡಬಹುದಾದ ಕೆಲಸ. ಆ ದಿನ ಪಾನಾ ಇತ್ತು. ವರ್ಷವಿಡೀ ರಾತ್ರಿ ಕಣ್ಣು ಮುಚ್ಚಿದಾಗ ಅವನಿಗೆ ಕಾಣುತ್ತಿದ್ದದ್ದು ಈ ಬಿಲ್ಲೆಯೇ, ಅಣ್ಣನ ಮುಖವಲ್ಲ.

ಅದನ್ನು ಬಿಚ್ಚಿ ತಂದು, ಅಡುಗೆಮನೆಯ ಸ್ಟೋವಿನ ಮೇಲೆ ಹಳೇ ಡಬ್ಬಿಯಲ್ಲಿ ನೀರಿಟ್ಟು, ಅದರೊಳಗೆ ಇಳಿಬಿಟ್ಟ. ಚಿಮಣಿ ಎಣ್ಣೆಯ ವಾಸನೆ, ಸ್ಟೋವಿನ ಬುಸುಬುಸು. ನೀರಿನ ತಳದಲ್ಲಿ ಗುಳ್ಳೆಗಳು ಮೂಡಿ ಮೇಲೆ ಬಂದವು. ಬಿಲ್ಲೆ ಬಾಯಿ ಮುಚ್ಚಿಕೊಂಡೇ ಇತ್ತು. ಕಾಶಪ್ಪ ಕುಕ್ಕರಗಾಲಲ್ಲಿ ಕೂತು ನೋಡಿದ. ತಾನು ತೆರೀಬ್ಯಾಡ ಅನ್ನುತ್ತಿದ್ದಾನೋ ತೆರಿ ಅನ್ನುತ್ತಿದ್ದಾನೋ ಅವನಿಗೇ ತಿಳಿಯಲಿಲ್ಲ. ತೆರೆಯದಿದ್ದರೆ ತಾನು ಕೊಂದವನು, ಮುಗಿಯಿತು, ಇನ್ನು ಯೋಚಿಸುವುದೇನೂ ಇಲ್ಲ. ನೀರು ಮರಳತೊಡಗಿದಾಗ ಹಿತ್ತಾಳೆಯ ಬಾಯಿ ಮೆಲ್ಲಗೆ, ನಿದ್ದೆಯಿಂದ ಎದ್ದ ಕೂಸಿನ ಬಾಯಿಯ ಹಾಗೆ, ತೆರೆದುಕೊಂಡಿತು. ನೆಲಕ್ಕೆ ಕೈ ಊರಿ ಕೂತ. ನೀರು ಚೆಲ್ಲಿ, ಹೊಸ ನೀರಿಟ್ಟು, ಮತ್ತೆ ಕುದಿಸಿ ನೋಡಿದ. ಮತ್ತೆ ತೆರೆಯಿತು.

ಹಾಗಾದರೆ ಏನು? ಅದನ್ನು ಹೊರಗೇ ಇಟ್ಟು, ಮುಚ್ಚಳ ಬಿಗಿದು, ಇಂಜಿನ್ನು ಮತ್ತೆ ಚಾಲೂ ಮಾಡಿದ. ಮುಳ್ಳು ಏರಿತು. ರೇಡಿಯೇಟರಿನ ಮೇಲೆ ಅಂಗೈ ಇಟ್ಟು ಮೇಲಿನಿಂದ ಕೆಳಗೆ ಸವರಿದ. ಮೇಲೆ ಸುಡುತ್ತಿತ್ತು. ನಡುವಿನಿಂದ ಕೆಳಗೆ ತಣ್ಣಗೆ, ಹೆಣ ಮುಟ್ಟಿದ ಹಾಗೆ. ಅವನು ಕೈ ತಟ್ಟನೆ ಎಳೆದುಕೊಂಡ. ಆ ದಿನ ಹೊಲದ ಬಾವಿಯಿಂದ ನೀರು ತಂದು ಓಡಿ ಬಂದಾಗ ವೈನಿ ಅಣ್ಣನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮುಚ್ಚಳ ತೆಗೆಯುವಾಗ ಉಗಿ ಬಡಿದು ಅವನ ಮುಂಗೈ ಬೊಬ್ಬೆ ಎದ್ದಿತ್ತು. ಹೊಲದ ಹೆಂಟೆ ತುಳಿದು ಓಡಿ ಉಸಿರು ಕಟ್ಟಿತ್ತು. "ನೀರ ಸಿಕ್ಕವೇನು?" ಎಂದಳು ವೈನಿ, ಪೂರಾ ಸಮಾಧಾನದ ದನಿಯಲ್ಲಿ. ಡಬ್ಬಿಯೊಳಗೆ ಬೊಗಸೆ ಅದ್ದಿ ಗಂಡನ ತುಟಿಗೆ ನೀರು ಬಿಟ್ಟಳು. ನೀರು ಒಳಗೆ ಇಳಿಯಲಿಲ್ಲ, ಗದ್ದದ ಮೇಲಿಂದ ಹರಿದು ಅವಳ ಸೀರೆಯ ದಡಿ ತೋಯಿಸಿತು. ಅವನು ಅದನ್ನು ನೋಡಿದ. ನೋಡಿದ ಮೇಲೂ, ಡಬ್ಬಿಯಲ್ಲಿ ಉಳಿದ ನೀರನ್ನು ಒಯ್ದು ರೇಡಿಯೇಟರಿಗೆ ಹಾಕಿದ. ಯಾಕೆ ಹಾಕಿದ? ಅಷ್ಟು ದೂರದಿಂದ ತಂದ ನೀರು, ಚೆಲ್ಲುವುದು ಹೇಗೆ?

ತಣಿದ ಮೇಲೆ ರೇಡಿಯೇಟರನ್ನು ಪೂರ್ತಿ ಬಿಚ್ಚಿ, ಎತ್ತಿ, ಬಚ್ಚಲ ಪಕ್ಕದ ಅರಿವೆ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿದ. ಬಿಸಿನೀರನ್ನು ಕೆಳಗಿನ ಬಾಯಿಂದ ಹೊಯ್ದ. ಮೊದಲು ಏನೂ ಬರಲಿಲ್ಲ. ಒಳಗೆ ಗುಳುಗುಳು ಸದ್ದು. ಅಲುಗಾಡಿಸಿದ, ತಂತಿ ಹಾಕಿ ಕೆದಕಿದ, ಮತ್ತೆ ನೀರು ಹೊಯ್ದ. ಆಗ ಬೆಂದ ಬೇಳೆಯಂಥ ಒಂದು ಮುದ್ದೆ ಕಲ್ಲಿನ ಮೇಲೆ ಬಿದ್ದಿತು. ಅದರ ಹಿಂದೆ ಇನ್ನೊಂದು. ಹಳದಿ. ನೀರೆಲ್ಲ ಹಳದಿ. ಬೆರಳಿಗೆ ಹಚ್ಚಿಕೊಂಡು ಮೂಗಿಗೆ ಹಿಡಿದ. ಮದುವೆಯ ಮನೆಯ ವಾಸನೆ, ಅಡುಗೆಮನೆಯ ವಾಸನೆ. ಅರಿಷಿಣ.

ಬಾದಾಮಿಗೆ ಸೀರೆಯ ಬಾಕಿಯ ಉಗಾಣಿಗೆ ಹೋಗಿ ತಿರುಗಿ ಬರುವಾಗ ದಾರಿಯ ಒಂದು ಕ್ರಾಸಿನಲ್ಲಿ ರೇಡಿಯೇಟರು ಹನಿ ಹನಿ ಸೋರತೊಡಗಿದ್ದು ಈಗ ನೆನಪಾಯಿತು. ಅಣ್ಣ ನಗುತ್ತ ಕಿರಾಣಿ ಅಂಗಡಿಗೆ ಹೋಗಿ ಅರಿಷಿಣದ ಪುಡಿ ಕಟ್ಟಿಸಿಕೊಂಡು ಬಂದಿದ್ದ. "ತೂತಿನ್ಯಾಗ ಹೋಗಿ ಕುಂದರತೈತಿ ನೋಡಲೇ, ಬೆಸುಗಿ ಬ್ಯಾಡ ಏನೂ ಬ್ಯಾಡ." ಸೋರುವುದು ನಿಂತಿತು. ಆಮೇಲೆ ಎಷ್ಟು ಸಲ ಸೋರಿತೋ, ಎಷ್ಟು ಸಲ ಅಣ್ಣ ಅಂಗಿಯ ಕಿಸೆಯಿಂದ ಪುಡಿಕೆ ತೆಗೆದನೋ. ಮುರ್ತುಜಸಾಬನಿಗೆ ತೋರಿಸೋಣ ಎಂದು ಕಾಶಪ್ಪ ಒಮ್ಮೆ ಅಂದಿದ್ದ. "ನನ್ನ ಗಾಡಿ ನನಗ ಗೊತ್ತೈತಿ" ಅಂದಿದ್ದ ಅಣ್ಣ. ಅಲ್ಲಿಗೆ ಮುಗಿದಿತ್ತು. ಆ ಪುಡಿ ಒಳಗಿನ ಸಣ್ಣ ಸಣ್ಣ ನಳಿಗೆಗಳಲ್ಲಿ ಪದರು ಪದರಾಗಿ ಕೂತು, ಗಟ್ಟಿಯಾಗಿ, ದಾರಿ ಮುಚ್ಚಿತ್ತು. ನಿಲ್ಲಿಸಿ ಹೋದರೂ ಅಷ್ಟೇ, ನೀರು ಹಾಕಿದರೂ ಅಷ್ಟೇ. ಆ ದಿನ ರಸ್ತೆಯ ಮೇಲೆ ಯಾರೂ ಏನೂ ಮಾಡುವಂತಿರಲಿಲ್ಲ.

ನಾನಲ್ಲ, ಎಂದುಕೊಂಡ ಕಾಶಪ್ಪ. ಬಾಯಿ ಬಿಟ್ಟೇ ಅಂದ: "ನಾನಲ್ಲ." ಕಲ್ಲಿನ ಮೇಲೆ ಕೂತು ನಕ್ಕ. ಹೆಗಲಿನ ಮೇಲಿನ ಮೂಟೆ ಯಾರೋ ಇಳಿಸಿಕೊಂಡಂತೆ ಬೆನ್ನು ನೆಟ್ಟಗಾಯಿತು. ಓಣಿಗೆ ಹೋಗಿ ಕೂಗಬೇಕು, ಖಣ ತೆಗೆದುಕೊಳ್ಳದ ಆ ಮುದುಕಿಯನ್ನು ಹುಡುಕಿ ಹೇಳಬೇಕು, ಅವ್ವನ ಮಂದ ಕಿವಿಯಲ್ಲಿ ಹೇಳಬೇಕು: ನಾನಲ್ಲ, ಅವನೇ, ಅವನ ಕೈಯಿಂದ ಅವನೇ. ನಗು ಹಿತ್ತಲಿನ ಗೋಡೆಗೆ ಬಡಿದು ತಿರುಗಿ ಬಂದಾಗ ಅದು ಅಣ್ಣನ ನಗುವಿನ ಹಾಗೇ ಇತ್ತು. ಕಾಶಪ್ಪ ಬಾಯಿ ಮುಚ್ಚಿಕೊಂಡ. ಸತ್ತವನು ತಪ್ಪು ಮಾಡಿದ್ದನೆಂದು ಇಷ್ಟು ಸಂತೋಷವೇ? ವೈನಿ ಬರುವ ಹೊತ್ತಾಗಿತ್ತು. ಹೇಳುವುದು ಖರೆ, ಆದರೆ ಈ ಹಳದಿ ರಾಡಿಯನ್ನು ಅವಳು ಕಣ್ಣಾರೆ ನೋಡುವುದು ಬೇಡ ಎಂದು ಮುದ್ದೆಗಳನ್ನು ಬಾಚಿ ಬೇವಿನ ಬುಡದಲ್ಲಿ ಹೂತ. ಅರಿವೆಯ ಸಾಬೂನು ತಂದು ಕಲ್ಲು ತಿಕ್ಕಿದ. ಸಾಬೂನು ತಾಗಿದ್ದೇ ತಡ ಹಳದಿ ಹೋಗುವ ಬದಲು ಕೆಂಪಾಯಿತು. ತಿಕ್ಕಿದಷ್ಟೂ ಕೆಂಪು. ಒಗೆಯುವ ಕಲ್ಲು, ಅವನ ಅಂಗೈ, ಬಚ್ಚಲಿನತ್ತ ಹರಿಯುವ ನೀರು, ಎಲ್ಲ ಕುಂಕುಮ ಕದಡಿದ ಹಾಗೆ.

"ಏನಿದು ಕೆಂಪ?" ವೈನಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು.

"ತುಕ್ಕು, ವೈನಿ. ರೇಡಿಯೇಟರಿನ ತುಕ್ಕು."

ಗುರುಲಿಂಗವ್ವ ಮೆಟ್ಟಿಲ ಮೇಲೆ ಕೂತಳು. ಬಿಸಿಲಲ್ಲಿ ನಡೆದು ಬಂದದ್ದಕ್ಕೆ ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಕಲ್ಲಿನ ಮೇಲೆ ಬೋರಲಾಗಿ ಮಲಗಿದ್ದ ರೇಡಿಯೇಟರನ್ನು ಬಹಳ ಹೊತ್ತು ನೋಡಿ, "ಸಿಕ್ಕತೇನು?" ಅಂದಳು.

ಕಾಶಪ್ಪ ಕೈ ಒರೆಸಿಕೊಂಡ. ಹೇಳಬೇಕು. ಅವಳೇ ಕೇಳಿದ್ದಾಳೆ. "ವೈನಿ, ಅಣ್ಣ..." ಎಂದು ಸುರು ಮಾಡಿದ. ಆದರೆ ಆ ಶಬ್ದವೊಂದೇ ಅವಳಿಗೆ ಸಾಕಾಯಿತೇನೋ. ಅವಳು ನೆಲ ನೋಡುತ್ತ ಮಾತಾಡತೊಡಗಿದಳು.

"ನಿಮ್ಮಣ್ಣ ಅವತ್ತ ಒಂದ ಮಾತ ಆಡಿದ್ರು. ನೀ ನೀರಿಗೆ ಓಡಿ ಹೋಗಿದ್ದಿ. ಯಾರಿಗೂ ಹೇಳಿಲ್ಲ ನಾ."

"ಏನಂದ ಅಣ್ಣ?"

"ಕಣ್ಣ ಮುಚ್ಚಿದವರು ಒಮ್ಮಿಂದೊಮ್ಮೆಲೆ ತಗದ್ರು. ನನ್ನ ಮಾರಿ ನೋಡಿದ್ರು. ಅರಿಷಿಣ, ಅಂದ್ರು. ಏನ್ರಿ ಅಂದೆ. ಅರಿಷಿಣ, ಅಂತ ಮತ್ತ ಅಂದ್ರು. ಕೈ ಎತ್ತಾಕ ಹೋದ್ರು, ಆಗಲಿಲ್ಲ. ಅಷ್ಟ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಜೀವಾ ಹೋಗೂ ಹೊತ್ತಿನ್ಯಾಗ ನನ್ನ ಅರಿಷಿಣ ಕುಂಕಮದ ಚಿಂತಿ ಅವರಿಗೆ. ಕಾಶಪ್ಪ, ನೀನ ಈ ಮನ್ಯಾಗ ಬೆಳದಾಂವ, ನಿನಗ ಗೊತ್ತಿಲ್ಲೇನು? ಅಂಗಡಿ, ಗಾಡಿ, ಗಾಡಿ, ಅಂಗಡಿ. ನನ್ನ ಮಾರಿ ನೋಡಿ ಒಂದ ಮಾತ ಆಡಿದವರಲ್ಲ. ನಾ ಅವರಿಗೆ ಹಿಡಿಸಲಿಲ್ಲ ಅಂತನ ತಿಳದಿದ್ನಿ, ಇಷ್ಟ ವರ್ಷ. ಆ ಒಂದ ಮಾತ ಹೇಳಿ ಹೋದ್ರು ನೋಡು. ಅದರ ಮ್ಯಾಲೆ ವರ್ಷ ತಗದೇನಿ."

ಬೇವಿನ ಗಿಡದಲ್ಲಿ ಗಾಳಿ ಆಡಿತು. ಕಾಶಪ್ಪನಿಗೆ ಕಿವಿಯೊಳಗೆ ಉಗಿ ಹೊರಡುವ ಸದ್ದು ಕೇಳಿತು. ಉಗಿಯ ಜೊತೆ ಆ ವಾಸನೆ ಹಿಂದಿನ ಸೀಟಿಗೆ ಹೋಗಿರಬೇಕು. ಅಣ್ಣ ಮೂಗಿನಿಂದಲೇ ತಿಳಿದಿರಬೇಕು. ಕಣ್ಣು ತೆರೆದು, ಹೆಂಡತಿಯ ಮುಖದ ಆಚೆ, ತೆರೆದ ಬಾನೆಟ್ಟಿನ ಕಡೆ ಕೈ ಎತ್ತಲು ಹೋಗಿರಬೇಕು. ತಮ್ಮನಿಗೆ ಹೇಳು ಅನ್ನುವುದಿತ್ತೋ, ನನ್ನದೇ ತಪ್ಪು ಅನ್ನುವುದಿತ್ತೋ. ಆ ಮಾತು ಅವಳದಾಗಿರಲಿಲ್ಲ. ತಮ್ಮನ ಬಿಡುಗಡೆಯ ಮಾತನ್ನು ಅಣ್ಣ ಕೊನೆಯ ಉಸಿರಿನಲ್ಲಿ ಇವಳ ಮಡಿಲಲ್ಲಿ ಹಾಕಿ ಹೋಗಿದ್ದ. ಇವಳು ಅದನ್ನು ಮಾಂಗಲ್ಯದ ಹಾಗೆ ಒಳಗೆ ಕಟ್ಟಿಕೊಂಡು ಕೂತಿದ್ದಳು.

"ಹೇಳು. ಏನಾಗಿತ್ತು ಗಾಡಿಗೆ?"

ಅವನು ಬಾವಿಯ ಕಟ್ಟೆಯ ಮೇಲಿದ್ದ ಹಿತ್ತಾಳೆಯ ಬಿಲ್ಲೆ ತಂದು ಅವಳ ಮುಂದೆ ಹಿಡಿದ. "ಇದ ನೋಡ್ರಿ. ನೀರ ಕಾದಾಗ ಇದು ಬಾಯಿ ತಗೀಬೇಕು. ತಗೀಲಿಲ್ಲ."

"ಇಷ್ಟ ಸಣ್ಣದ?" ಅವಳು ಅದನ್ನು ತೆಗೆದುಕೊಂಡು ಅಂಗೈಯಲ್ಲಿ ತಿರುಗಿಸಿದಳು. "ಇದಕ್ಕೀಗ ಏನ ಮಾಡಬೇಕು?"

"ಏನಿಲ್ಲ. ಕಿತ್ತ ಹೊರಗ ಒಗದ್ರ ಆತು."

"ಒಗದ್ರ ಗಾಡಿ ನಡೀತೈತಿ?"

"ನಡೀತೈತಿ."

ಮುಂದಿನ ಮಾತು ಬರುವುದು ಅವನಿಗೆ ಕಾಣುತ್ತಿತ್ತು, ದೂರದ ರಸ್ತೆಯ ಮೇಲೆ ಲಾರಿ ಬರುವುದು ಕಾಣುವ ಹಾಗೆ. ಸರಿಯಬಹುದಿತ್ತು. ಸರಿಯಲಿಲ್ಲ.

"ಅವತ್ತೂ ನಡೀತಿತ್ತೇನು?"

ಕಾಶಪ್ಪ ತನ್ನ ಉಗುರು ನೋಡಿಕೊಂಡ. "ನಡೀತಿತ್ತು, ವೈನಿ."

ಗುರುಲಿಂಗವ್ವ ಅಳಲಿಲ್ಲ. ಅವಳ ಕತ್ತಿನಲ್ಲಿ ಒಂದು ನರ ಎದ್ದು ಇಳಿಯಿತು. "ಪಾನಾ ಇತ್ತಲ್ಲ ಗಾಡ್ಯಾಗ?"

"ಇತ್ತು."

"ನಿನಗ ಹೊಳೀಲಿಲ್ಲ."

"ಹೊಳೀಲಿಲ್ಲ."

ಅವಳು ಎದ್ದಳು. ಬಿಲ್ಲೆಯನ್ನು ಅವನ ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟಳು. ಬಾಗಿಲವರೆಗೆ ಹೋಗಿ, ತಿರುಗದೆಯೇ ಹೇಳಿದಳು: "ನಾಳೆ ಮುರ್ತುಜಸಾಬಗ ಬಾ ಅಂತ ಹೇಳಿ ಕಳಸು. ಗಾಡಿ ಅಂವ ಹೊಡೀಲಿ. ನೀ ಅತ್ತಿ ಕೂಡ ಮನ್ಯಾಗ ಇರು." ವರ್ಷದ ಮೇಲೆ ಮೊದಲ ಸಲ ಅವಳ ದನಿಯಲ್ಲಿ ಸಿಟ್ಟು ಇತ್ತು. ಬದುಕಿರುವವರ ದನಿ. ಒಳಗೆ ಪಾತ್ರೆ ಎತ್ತಿ ಕುಕ್ಕಿದ ಸದ್ದು ಕೇಳಿತು, ಆಮೇಲೆ ಅಳು, ಬಾಯಿಗೆ ಸೆರಗು ಒತ್ತಿಕೊಂಡರೂ ತಡೆಯದ ಅಳು. ಅವನು ಹಿತ್ತಲಲ್ಲಿ ನಿಂತು ಕೇಳಿದ. ನಿಜ ಹೇಳಿ ಅವಳನ್ನು ಹೀಗೆ ಅಳಿಸಬಹುದಿತ್ತೇ? ಅವಳಿಗಾಗಿ ತಾನು ಸುಳ್ಳು ಹೇಳಿದ್ದೋ, ಅಥವಾ ವರ್ಷವಿಡೀ ಹೊತ್ತ ಮೂಟೆ ಇಳಿಸಿದ ಮೇಲೆ ಖಾಲಿ ಬೆನ್ನಿನಿಂದ ನಡೆಯುವ ಧೈರ್ಯ ತನಗಿಲ್ಲವೋ? ಆ ಮೂಟೆಯಲ್ಲಾದರೂ ಅಣ್ಣ ಇದ್ದ. ಅವನು ರೇಡಿಯೇಟರನ್ನು ಎತ್ತಿಕೊಂಡು ಹೋಗಿ ಕೂಡಿಸತೊಡಗಿದ.

ಮರುದಿನ ಮುರ್ತುಜಸಾಬ ಬಂದು ಚಾಲೂ ಮಾಡಿ, ಮುಳ್ಳನ್ನು ನೋಡಿ, "ನಡುವ ನಿಂತೈತ್ರಿ, ಬರೋಬ್ಬರಿ ಆಗೈತಿ" ಅಂದ. ಬುಟ್ಟಿಯಲ್ಲಿ ಹೂವು, ಬಿಲ್ವಪತ್ರಿ, ಬುತ್ತಿ ಇಟ್ಟುಕೊಂಡು ವೈನಿ ಹಿಂದಿನ ಸೀಟಿನಲ್ಲಿ ಹತ್ತಿದಳು. ಬಾಗಿಲಿನ ಅಂಚಿಗೆ ಸರಿದು, ಸೆರಗನ್ನು ಮಡಿಲಿಗೆ ಎಳೆದುಕೊಂಡು, ಪಕ್ಕದಲ್ಲಿ ಒಬ್ಬರು ಕೂಡುವಷ್ಟು ಜಾಗ ಬಿಟ್ಟಳು. ಕಾಶಪ್ಪನ ಕಡೆ ನೋಡಲಿಲ್ಲ. ಗಾಡಿ ಓಣಿ ತಿರುಗಿತು. ಅವನು ಕಟ್ಟೆಯ ಮೇಲೆ ನಿಂತು, ಸದ್ದು ಹುನಗುಂದದ ರಸ್ತೆ ಹಿಡಿದು ಕರಗುವವರೆಗೆ ಕೇಳಿದ. ಎಲ್ಲಿಯೂ ತಡವರಿಸದ, ನೆಟ್ಟಗಿನ ಸದ್ದು.

ಒಳಗೆ ಅವ್ವ ಹಸಿವೆ ಅಂದಳು. ಅವಳಿಗೆ ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸಿ ಕೊಟ್ಟು, ತಾನೂ ತಾಟು ಹಾಕಿಕೊಂಡು ಕೂತ. ಎಷ್ಟು ತೊಳೆದರೂ ಉಗುರಿನ ಸಂದಿಯ ಬಣ್ಣ ಹೋಗಿರಲಿಲ್ಲ, ಕೆಂಪು ಇಳಿದು ಮತ್ತೆ ಹಳದಿಗೆ ತಿರುಗಿತ್ತು. ರೊಟ್ಟಿಯ ತುಂಡನ್ನು ಬೇಳೆಯಲ್ಲಿ ಅದ್ದಿದಾಗ ಕೈಯ ಹಳದಿ ಯಾವುದು, ಬೇಳೆಯ ಹಳದಿ ಯಾವುದು ತಿಳಿಯಲಿಲ್ಲ. ಅದೇ ಕೈಯಿಂದ ಉಂಡ.